ಬುಗ್ಗೆಯ ಮೂರು ಅಳತೆ

ಇದು ಅದೇ ಬುಗ್ಗೆಯೇ? ಅಥವಾ ಹದಿನೈದು ವರ್ಷದ ಹಿಂದೆ ಊರು ಬಿಟ್ಟವನ ನೆನಪೇ ಸುಳ್ಳೋ? ಚಿಕ್ಕಂದಿನಲ್ಲಿ ಕೊಡ ಇಟ್ಟು ಮುಖ ತೊಳೆದು ತಿರುಗುವಷ್ಟರಲ್ಲಿ ತುಂಬಿ ಹರಿಯುತ್ತಿತ್ತು. ಇಂದು ಬಂಡೆಯ ಸಂದಿಯಿಂದ ನೂಲಿನೆಳೆಯಂತೆ ಜಿನುಗುತ್ತಿದೆ. ಬತ್ತಿಹೋಯಿತೇ? ಬತ್ತಿದ್ದರೆ ಪಾಚಿ ಇಷ್ಟು ಹಸಿರಾಗಿರುವುದೇಕೆ?

ಅಳತೆಯವನು ಗಡಿಯಾರ ಹಿಡಿದು ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ನೀರಿನ ಕಚೇರಿಯಲ್ಲಿ ಅವನ ಕೆಲಸವೇ ಅದು. ಇಪ್ಪತ್ತು ಲೀಟರಿನ ಬಕೆಟ್ ಇಡುವುದು, ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ಬರೆಯುವುದು. ಗುಡ್ಡದ ಜನರಲ್ಲಿ ಕಾಲೇಜು ಮುಗಿಸಿದ ಮೊದಲಿಗ ಅವನೇ. ಓದಿದ್ದರಿಂದ ಆದದ್ದು ಇಷ್ಟೇ: ಅವನು ಬಂದರೆ ಊರಿನವರು ಆಡುತ್ತಿದ್ದ ಮಾತು ನಿಲ್ಲಿಸುತ್ತಿದ್ದರು.

ಈಗಲೂ ನಲವತ್ತು ಮನೆಯ ಹೆಂಗಸರು ಖಾಲಿ ಕೊಡ ಹಿಡಿದು ಸುಮ್ಮನೆ ನಿಂತಿದ್ದರು. ಕೆಳಗಿನ ಹಳ್ಳವನ್ನು ಬಾಟಲಿ ನೀರಿನ ಕಾರ್ಖಾನೆ ಆಗಲೇ ಪೈಪಿನೊಳಕ್ಕೆ ಎಳೆದುಕೊಂಡಿತ್ತು. ಆಗ ಈ ಹೆಂಗಸರು ಏಳು ಅರ್ಜಿ ಕೊಟ್ಟರು. ಕಚೇರಿಯ ಮೆಟ್ಟಿಲ ಮೇಲೆ ಹನ್ನೊಂದು ದಿನ ಕೂತರು. ಹನ್ನೆರಡನೆಯ ದಿನ ಕಚೇರಿಯವರು ಮೆಟ್ಟಿಲಿಗೆ ಗೇಟು ಹಾಕಿಸಿದರು. ಉಳಿದದ್ದು ಈ ಬುಗ್ಗೆಯೊಂದೇ. ಇಂದು ಇದರ ಸರದಿ.

"ಎಷ್ಟಾಯ್ತಯ್ಯಾ?" ಎಂಜಿನಿಯರು ಕೊಡೆಯ ನೆರಳಿನಿಂದ ಕೇಳಿದರು.

"ನೂರೈವತ್ತು ಸೆಕೆಂಡು, ಸರ್."

"ಅಯ್ಯೋ ಪಾಪ" ಎಂದಳು ದೊಡ್ಡಮ್ಮ. "ಮುದುಕಿ ಕಣ್ಣೀರಾದ್ರೂ ಇದಕ್ಕಿಂತ ಜೋರಾಗಿ ಬರುತ್ತೆ. ಬರ್ಕೊಳ್ಳಿ ಸಾಹೇಬ್ರೆ, ಬರ್ಕೊಳ್ಳಿ."

ಸಾಹೇಬ್ರೆ ಎಂದದ್ದು ಅಳತೆಯವನಿಗೆ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಇವಳೇ. ಬೆಳಗಿನಿಂದ ಒಂದು ಸಲವೂ ಮಗ ಎಂದಿರಲಿಲ್ಲ. ಅವನು ತಲೆಯೆತ್ತಿದ. ಅವಳ ಮೊಣಕೈಯಲ್ಲಿ ಹಸಿ ಜೇಡಿಮಣ್ಣು ಅಂಟಿತ್ತು.

ಅವನಿಗೆ ಅರ್ಥವಾಯಿತು. ಬಂಡೆಯ ಮೇಲೆ, ಪೊದೆಯ ಹಿಂದೆ, ಒಂದು ಕಲ್ಲುದೊಣೆ ಇದೆ. ನೀರು ಮೊದಲು ಅಲ್ಲಿ ನಿಂತು ಆಮೇಲೆ ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಊರಿನ ಹೆಂಗಸರು ಸರದಿಯ ಮೇಲೆ ಅಲ್ಲಿ ಕೂತು, ದೊಣೆಯ ಕಂಡಿಗೆ ಜೇಡಿ ಮೆತ್ತಿ, ಬೇಕಾದಷ್ಟೇ ನೀರು ಬಿಡುತ್ತಿದ್ದರು. ಗಂಡಸರಿಗೆ ಇದನ್ನು ಹೇಳುವುದಿಲ್ಲ. ಹೇಳಿದರೆ ಕುಡಿದ ದಿನ ಮೂರೂರಿಗೆ ಡಂಗುರ ಹೊಡೆದು ಬರುತ್ತಾರೆ. ಆರು ವರ್ಷದವನಿದ್ದಾಗ ದೊಡ್ಡಮ್ಮನ ಬೆನ್ನು ಬಿಡದೆ ಹೋಗಿದ್ದರಿಂದ ಅವನಿಗೆ ಮಾತ್ರ ಗೊತ್ತಿತ್ತು.

ಎಂಜಿನಿಯರು ನಕ್ಕರು. "ಒಳ್ಳೇದೇ ಆಯ್ತು. ನೀರಿಲ್ಲದ ಕಡೆ ಜನ ಇರೋ ಹಾಗಿಲ್ಲ. ಊರನ್ನೇ ಎತ್ತಿಸಿಬಿಡೋಣ. ಖಾಲಿ ಗುಡ್ಡ ಕಾರ್ಖಾನೆಗೆ ಇನ್ನೂ ಅನುಕೂಲ."

ನೀರು ಉಳಿಯಿತೆಂದು ಒಳಗೊಳಗೇ ನಗುತ್ತಿದ್ದ ಹೆಂಗಸರ ಮುಖ ಕಪ್ಪಿಟ್ಟಿತು.

ಅಳತೆಯವನು ಎದ್ದು ನಿಂತ. "ಸರ್, ನಿಯಮ ಎಲ್ಲರಿಗೂ ಓದಿ ಹೇಳಬೇಕು. ನಮೂನೆಯಲ್ಲಿದೆ."

"ಅದನ್ನ ಯಾರೂ ಓದಲ್ಲ ಕಣಯ್ಯ."

"ಓದದಿದ್ರೆ ಆಮೇಲೆ ಆಕ್ಷೇಪಣೆ ಬರುತ್ತೆ, ಸರ್."

"ಸರಿ, ಓದು. ಬೇಗ ಮುಗಿಸು."

ಅವನು ಬೇಗ ಮುಗಿಸಲಿಲ್ಲ. ಮಗ್ಗಿ ಹೇಳಿಕೊಡುವವನಂತೆ ಒಂದೊಂದೇ ಮಾತು ಬಿಡಿಸಿ ಓದಿದ. ಬಕೆಟ್ ಇಪ್ಪತ್ತು ಸೆಕೆಂಡಿನೊಳಗೆ ತುಂಬಿದರೆ ನೀರು ಹೆಚ್ಚಾಗಿದೆ, ಕಾರ್ಖಾನೆಗೆ ಕೊಡಬಹುದು. ನೂರಿಪ್ಪತ್ತು ದಾಟಿದರೆ ನೀರು ಸಾಲದು, ಊರನ್ನು ಎತ್ತಿಸಬಹುದು. ಎರಡರ ನಡುವೆ ಬಂದರೆ ನೀರು ಊರಿನದೇ. ಅಳತೆ ಮೂರು ಸಲ ಆಗಬೇಕು. ಮೂರರ ಸರಾಸರಿಯೇ ಕೊನೆಯ ಮಾತು.

"ಸೊಸೆ ಹಾಕೋ ಉಪ್ಪಿನ ಹಾಗಾಯ್ತಲ್ಲೇ ನಮ್ಮ ನೀರು" ಎಂದಳು ಬೊಚ್ಚುಬಾಯಿ ಅಜ್ಜಿ. "ಜಾಸ್ತಿ ಆದ್ರೂ ತಪ್ಪು, ಕಮ್ಮಿ ಆದ್ರೂ ತಪ್ಪು."

ದೊಡ್ಡಮ್ಮ ಗುಡ್ಡದ ಕಡೆ ತಿರುಗಿ ಕೂಗಿದಳು. "ಏಯ್ ಹಾಳಾದ ಆಡೇ! ಬಿಡೇ ಆ ಗಿಡಾನ! ಸ್ವಲ್ಪ ಬಿಡು!"

ಊರಿನಲ್ಲಿ ಆಡುಗಳೇ ಇರಲಿಲ್ಲ. ಗುಡ್ಡ ಹಾಳಾಗುತ್ತದೆಂದು ಅರಣ್ಯದವರು ಐದು ವರ್ಷದ ಹಿಂದೆಯೇ ಎಲ್ಲವನ್ನೂ ಹಿಡಿದುಕೊಂಡು ಹೋಗಿದ್ದರು. ಮೇಲೆ ದೊಣೆಯ ಬಳಿ ಕೂತಿದ್ದವಳು ಕಿವುಡತ್ತೆ. ಅವಳಿಗೆ 'ಬಿಡು' ಕೇಳಿಸಿತು, 'ಸ್ವಲ್ಪ' ಕೇಳಿಸಲಿಲ್ಲ.

ನೀರು ಭೋರೆಂದು ನುಗ್ಗಿತು. ಬಕೆಟ್ ತುಂಬಿ ಉರುಳಿ ಎಂಜಿನಿಯರ ಬೂಟು ತೊಳೆಯಿತು.

"ಏಳು ಸೆಕೆಂಡು!" ಎಂಜಿನಿಯರು ಕೊಡೆಯನ್ನೇ ಮರೆತರು. "ಭೇಷ್! ಮೊದಲನೇದು ಹೊಡೆದು ಹಾಕು. ಏಳು ಅಂತ ಮಾತ್ರ ಬರಿ."

"ಏಯ್ ಕಿವುಡಿ! ಅಷ್ಟೂ ಬಿಡು ಅಂದ್ನಾ ನಿಂಗೆ? ಹಿಡ್ಕೊಳೇ!" ದೊಡ್ಡಮ್ಮನ ಗಂಟಲು ಹರಿಯಿತು.

"ಆಡಿಗೆ ಕಿವುಡೇನಮ್ಮ?" ಎಂಜಿನಿಯರು ಕೇಳಿದರು.

"ಹುಟ್ಟು ಕಿವುಡು ಸಾಹೇಬ್ರೆ. ಏಳು ಅರ್ಜಿ ಕೊಟ್ರೂ ಕೇಳಿಸಲ್ಲ ಅದಕ್ಕೆ."

"ಎಲ್ಲಿದೆ? ಕಾಣಿಸ್ತಾನೇ ಇಲ್ಲ."

"ಕಚೇರಿಯೋರು ಬಂದ್ರೆ ಅಡಗಿ ಕೂರುತ್ತೆ. ಬುದ್ಧಿ ಇದೆ, ಕಿವಿ ಇಲ್ಲ ಅಷ್ಟೇ."

ಅಳತೆಯವನು ನಗು ನುಂಗಿಕೊಂಡು ಮೂರನೆಯ ಸಲ ಬಕೆಟ್ ಇಟ್ಟ. ಐವತ್ತು ಸೆಕೆಂಡು. ನೂರೈವತ್ತು, ಏಳು, ಐವತ್ತು. ಕೂಡಿಸಿ ಮೂರರಿಂದ ಭಾಗಿಸಿದ. ಅರವತ್ತೊಂಬತ್ತು.

"ನಾನು ಏನು ಬರಿ ಅಂದೆ?" ಎಂಜಿನಿಯರ ದನಿ ಇಳಿಯಿತು. "ಕೆಲಸ ಬೇಕೋ ಬೇಡ್ವೋ ನಿಂಗೆ?"

ಅವನು ಅರವತ್ತೊಂಬತ್ತರ ಕೆಳಗೆ ಗೆರೆ ಎಳೆದ. ಬರೆದ ಯಾವುದನ್ನೂ ಹೊಡೆದು ಹಾಕಲಿಲ್ಲ.

"ಮೂರು ಸಲ ಅಂತ ಓದಿದ್ರು" ಎಂದಳು ಬೊಚ್ಚುಬಾಯಿ ಅಜ್ಜಿ.

"ನಾನೂ ಕೇಳಿದೆ" ಎಂದಳು ಹಿಂದಿನಿಂದ ಒಬ್ಬಳು.

"ನಾನೂ." "ನಾನೂ."

ಕೊಡಗಳು ಒಂದೊಂದಾಗಿ ನೆಲಕ್ಕಿಳಿದವು. ಜೀಪಿನವರೆಗಿನ ಕಾಲುದಾರಿಯ ತುಂಬ ಕೊಡಗಳೇ. ಕಾಲಿಡಲು ಜಾಗವಿಲ್ಲ.

"ಹೆಬ್ಬೆಟ್ಟು ಎಲ್ಲಿ ಒತ್ತಬೇಕು, ತೋರಿಸಿ" ಎಂದಳು ದೊಡ್ಡಮ್ಮ.

ಸಾಕ್ಷಿಗಳಿಗೆ ನಮೂನೆಯಲ್ಲಿದ್ದದ್ದು ಎರಡೇ ಗೆರೆ. ನಲವತ್ತು ಹೆಬ್ಬೆಟ್ಟುಗಳು ಅಂಚು, ಬೆನ್ನು ಎಲ್ಲ ಕಡೆ ಬಿದ್ದವು. ಎಂಜಿನಿಯರು ಕೊಡಗಳನ್ನು ನೋಡಿದರು, ಜೀಪನ್ನು ನೋಡಿದರು, ಉಳಿದಿದ್ದ ಒಂದಿಷ್ಟು ಜಾಗದಲ್ಲಿ ಸಹಿ ಹಾಕಿದರು.

"ಮಳೆ ಮುಗಿದ ಮೇಲೆ ಮತ್ತೆ ಬಂದು ಅಳೀತೀವಿ."

"ಬನ್ನಿ ಬನ್ನಿ. ನಾವೆಲ್ಲಿಗೆ ಹೋಗ್ತೀವಿ? ಈಗ ಊರು ಎತ್ತಿಸೋ ಹಾಗೂ ಇಲ್ವಲ್ಲ."

ಕೊಡಗಳು ಒಂದು ಕಾಲಿನಷ್ಟೇ ಸರಿದವು. ಎಂಜಿನಿಯರು ಹಗ್ಗದ ಮೇಲೆ ನಡೆಯುವವರಂತೆ ಇಳಿದು ಹೋದರು. ಮೇಲಿಂದ ಕಿವುಡತ್ತೆ, "ಈಗ ಬಿಡ್ಲೇನೇ?" ಎಂದು ಊರಿಗೆಲ್ಲ ಕೇಳುವಂತೆ ಕೂಗಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು.

ದೊಡ್ಡಮ್ಮ ಚೊಂಬು ತುಂಬಿಸಿ ಅಳತೆಯವನ ಕೈಗೆ ಕೊಟ್ಟಳು.

"ಕುಡಿ ಮಗಾ. ಗಂಟಲು ಒಣಗಿರುತ್ತೆ, ಅಷ್ಟುದ್ದ ಓದಿದೀಯ."

ಅವನು ಚೊಂಬೆತ್ತಿದ.

"ಒಂದು ಮಾತ್ರ ತಿಳೀಲಿಲ್ಲ ನೋಡು" ಎಂದಳು ಅವಳು. "ಈ ಬುಗ್ಗೆ ಯಾವ ನಕ್ಷೇಲೂ ಇಲ್ಲ. ಬೇಸಿಗೇಲೂ ಬತ್ತದ ನೀರು ಇಲ್ಲಿದೆ ಅಂತ ಆ ಮನುಷ್ಯನಿಗೆ ಹೇಳಿದ್ದು ಯಾರಿರಬಹುದು?"

ಅವನು ಕುಡಿಯುತ್ತಲೇ ಇದ್ದ. ಕೆಳಗೆ ಜೀಪಿನ ಹಾರನ್ ಎರಡು ಸಲ ಕೂಗಿತು.

ಆರು ತಿಂಗಳ ಹಿಂದೆ, ಕಚೇರಿಯ ಊಟದ ಹೊತ್ತಿನಲ್ಲಿ, ನಿಮ್ಮ ಗುಡ್ಡದಲ್ಲಿ ಕಲ್ಲು ಬಿಟ್ಟು ಇನ್ನೇನಿದೆ ಎಂದು ಎಲ್ಲರೂ ನಕ್ಕಾಗ, ಹೆಮ್ಮೆಯಿಂದ ಈ ಬುಗ್ಗೆಯ ಹೆಸರು ಹೇಳಿದವನು ತಾನೇ ಎಂದು ಅವನು ದೊಡ್ಡಮ್ಮನಿಗೆ ಎಂದೂ ಹೇಳಲಿಲ್ಲ.