ಎಳಿ

ಜಮಖಂಡಿಯಲ್ಲಿ ಬಸ್ಸು ಬದಲಿಸುವಷ್ಟರಲ್ಲೇ ನನಗೆ ಸಾಕುಸಾಕಾಗಿತ್ತು. ನಮ್ಮವರು ಕಿಟಕಿಯ ಪಕ್ಕ ಮೂಟೆಯ ಹಾಗೆ ಕೂತಿದ್ದರು. "ಚಾ ಕುಡೀತೀರೇನ?" ಅಂದೆ. ಹೂಂ ಇಲ್ಲ, ಉಹೂಂ ಇಲ್ಲ. ಕೈಗೆ ಕೊಟ್ಟೆ, ಕುಡಿದರು.

ಬನಹಟ್ಟಿಯ ಮನೆಯಲ್ಲಿದ್ದ ಕರೆಂಟ್ ಮಗ್ಗಗಳನ್ನು ಬಿಚ್ಚಿ ಗುಜರಿಯವನ ಗಾಡಿಗೆ ಹಾಕಿದಂದಿನಿಂದ ಇವರದು ಇದೇ ಅವತಾರ. ಊಟಕ್ಕೆ ಕರೆದರೆ ಬರುತ್ತಾರೆ, ಏಳಿ ಎಂದರೆ ಏಳುತ್ತಾರೆ. ಮಗ್ಗದ ಸದ್ದಿಗೆ ಕಿವಿ ಅರ್ಧ ಹೋಗಿದೆ, ನಿಜ, ನಾಲಿಗೆಗೇನು ಧಾಡಿ? ಒಬ್ಬಳೇ ಮಾತಾಡಿ ಮಾತಾಡಿ ನಾನು ದಣಿದಿದ್ದೆ. ಇವರ ಬಾಯಿಂದ ಒಂದು ಮಾತು, ಬೈಗುಳವಾದರೂ ಸರಿ, ಕೇಳಬೇಕಿತ್ತು ನನಗೆ.

ಸಣ್ಣವರಿದ್ದಾಗ ಕೃಷ್ಣೆಯಲ್ಲಿ ಗಾಳ ಹಾಕುತ್ತಿದ್ದರಂತೆ. ಅದನ್ನು ನೆನೆದು ಮಗಳು ಸರಿತಾ, ಬೀಳಗಿ ಕಡೆಯ ಸೋಮಲಿಂಗನಿಗೆ ಫೋನು ಮಾಡಿ ಗೊತ್ತು ಮಾಡಿದಳು. ಹಿನ್ನೀರಿನಲ್ಲಿ ಜನರನ್ನು ದೋಣಿಯಲ್ಲಿ ಕರೆದೊಯ್ದು ಮೀನು ಹಿಡಿಸುವುದೇ ಅವನ ಕಸುಬು.

ಯುಗಾದಿ ಮುಗಿದಿತ್ತು. ನೀರು ಹಿಂದೆ ಸರಿದು ದಂಡೆಯ ಕೆಸರು ಬಿರಿದಿತ್ತು. "ಈ ದಿನದಾಗ ಬಾಳಿ ಮೀನ ಹಳ್ಳದ ಬಾಯಿಗೆ ಬರತಾವರೀ ಕಾಕಾ," ಎಂದು ಸೋಮಲಿಂಗ ದೋಣಿಯಿಂದ ಗಾಳ ಇಳಿಬಿಟ್ಟು, ನೈಲಾನ್ ದಾರವನ್ನು ಇವರ ಬೆರಳಿಗೆ ಕೊಟ್ಟ. ಕೋಲು ಗೀಲು ಏನಿಲ್ಲ, ಬರೀ ದಾರ.

ಸ್ವಲ್ಪ ಹೊತ್ತಿಗೆ ದಾರ ಬಿಗಿಯಿತು. "ಎಳಿ! ಎಳಿ, ಎಳಿ!" ಸೋಮಲಿಂಗ ಒದರಿದ. ಗಡಿಬಿಡಿಯಲ್ಲಿ 'ರೀ' ಹಚ್ಚುವುದನ್ನೂ ಮರೆತಿದ್ದ. ಇವರು ಥಟ್ಟನೆ ಬೆರಳು ಸಡಿಲಿಸಿದರು. ಮೀನು ಹೋಯಿತು.

ಇನ್ನೊಮ್ಮೆ ಸಿಕ್ಕಾಗಲೂ ಅದೇ ಕತೆ. ನನ್ನ ಪಿತ್ತ ನೆತ್ತಿಗೇರಿತು.

"ಕೈಗೆ ಬಂದದ್ದು ಬಿಡೂದ ಒಂದು ಕಲ್ತೀರಿ ನೋಡ್ರಿ!"

"ಇರ್ಲಿ ಬಿಡ್ರಿ ಕಾಕು," ಎಂದ ಸೋಮಲಿಂಗ. ಅವನಿಗೂ ಬೇಸರ ಬಂದಿತ್ತು. ಬಿಸಿಲು ಏರುತ್ತಿತ್ತು. ಮನೆಗೆ ಹೋಗಿ ಮಲಗಿದರೆ ಸಾಕು ಅನ್ನಿಸಿತು ನನಗೆ.

ಮತ್ತೆ ದಾರ ಬಿಗಿಯಿತು. "ಎಳಿ!" ಎಂದ. ಈ ಸಲ ನಾನು ಇವರ ಕೈಯನ್ನೇ ನೋಡುತ್ತಿದ್ದೆ. ಬಲಗೈ ದಾರ ಬಿಟ್ಟಿತು. ಎಡಗೈ ಪಕ್ಕಕ್ಕೆ ಚಾಚಿ, ಗಾಳಿಯಲ್ಲಿ ಏನನ್ನೋ ಹಿಡಿದು ಹಿಂದಕ್ಕೆ ತಳ್ಳಿತು.

ಅಲ್ಲಿ ಇರಬೇಕಾದದ್ದು ಮಗ್ಗ ನಿಲ್ಲಿಸುವ ಹಿಡಿಕೆ.

ನಮ್ಮ ಓಣಿಯಲ್ಲಿ ಎಳೆಯುವುದಕ್ಕೆ 'ಜಗ್ಗು' ಅನ್ನುತ್ತೇವೆ. 'ಎಳಿ' ಎಂದರೆ ನೂಲಿನ ಎಳೆ. ಮಗ್ಗದ ಮೇಲೆ ಒಂದು ಎಳೆ ತುಂಡಾದರೂ ಕಂಡವರು "ಎಳಿ!" ಎಂದು ಕೂಗಬೇಕು, ನೇಯುವವರು ಆ ಕ್ಷಣವೇ ಮಗ್ಗ ನಿಲ್ಲಿಸಬೇಕು. ಮದುವೆಯಾಗಿ ಬಂದವಳು ನಾನೇ ಅದೆಷ್ಟು ಸಲ ಕೂಗಿದ್ದೆನೋ! ಇವರು ಸುಮ್ಮನೆ ಕೂತಿದ್ದಾರೆಂದು ದಿನಾ ಬೈಯುತ್ತಿದ್ದೆ. ಒಂದು ದಿನವೂ ಸುಮ್ಮನೆ ಕೂತಿರಲಿಲ್ಲ. ಇಲ್ಲದ ಮಗ್ಗದ ಮುಂದೆ ಕೆಲಸದ ಮೇಲೇ ಇದ್ದರು.

"ನೀ ಇನ್ನ ಬಾಯಿ ಮುಚ್ಚಿಕೊಂಡ ಕುಂಡ್ರಪಾ," ಎಂದು ಸೋಮಲಿಂಗನಿಗೆ ಹೇಳಿ ಇವರ ಪಕ್ಕಕ್ಕೆ ಸರಿದು ಕೂತೆ. ಪಾಪ, ಅವನಿಗೆ ಏನೂ ಅರ್ಥವಾಗಲಿಲ್ಲ. ಗಾಳವನ್ನು ಮತ್ತೆ ಇಳಿಬಿಟ್ಟ.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ದಾರ ಬಿಗಿದು ನೀರನ್ನು ಸೀಳತೊಡಗಿತು. ಯಾರೂ ಕೂಗಲಿಲ್ಲ. ಇವರು ದಾರದುದ್ದಕ್ಕೂ ಕಣ್ಣು ಹಾಯಿಸಿ ನನ್ನ ಕಡೆ ತಿರುಗಿದರು. ಗಂಟಲು ಗೊರಗೊರ ಎಂದಿತು.

"ಹರದೈತೇನ?"

"ಇಲ್ರಿ," ಎಂದು ಕಿವಿಗೆ ಬಾಗಿ ಕೂಗಿದೆ. "ಏನೂ ಹರದಿಲ್ಲ. ಜಗ್ಗ್ರಿ!"

ಇವರು ಜಗ್ಗಿದರು. ನೀರೊಳಗಿನದು ಒಮ್ಮೆಗೇ ತಿರುಗಿ ಎಳೆಯಿತು. ದೋಣಿ ಓಲಾಡಿತು, ದಾರ ಬೆರಳನ್ನು ಕೊಯ್ಯಿತು. ಇವರು ಬಿಡಲಿಲ್ಲ.

"ಏನ್ ನೋಡಕೋತ ಕುಂತಿ ಬೇ?" ಎಂದು ನನ್ನ ಮೇಲೆ ಗದರಿದರು. "ಹಿಡಿ ಇದನ್ನ!"

ಅಳುತ್ತಲೇ ಹಿಡಿದೆ.