ಗುಂಡಿ ಡಬ್ಬಿಯ ಹಲ್ಲು

ಬುಧವಾರ ಬೆಳಗ್ಗೆ ಅವಳು ಆಸಿಡ್ ಬಾಟಲಿಯ ಮುಚ್ಚಳ ತೆಗೆದು ಒಳಗೆ ನೋಡಿದಳು. ಹಲ್ಲು ಇತ್ತು. ಹಲ್ಲಿನ ಮೇಲಿನ ಬಿಳಿ ಕವಚ ಇರಲಿಲ್ಲ. ಚಿಮಟದಲ್ಲಿ ಎತ್ತಿದರೆ ಹಳೇ ರಬ್ಬರಿನಂಥ ಹಳದಿ ತುಂಡೊಂದು ಬಳುಕಿತು. ಅದರ ಮೇಲೆ ಎನಾಮೆಲ್ ಎಂಬುದೊಂದು ಇತ್ತು ಎಂದು ಸಾಕ್ಷಿ ಹೇಳಲು ಬಾಟಲಿಯ ತಳದಲ್ಲಿ ಒಂದು ಚೂರೂ ಉಳಿದಿರಲಿಲ್ಲ.

"ಎಷ್ಟು ದಿನ ಹಾಕಿದ್ದೆ?" ಎಂದು ಸಾಣೆ ಮೇಷ್ಟ್ರು ಹಿಂದಿನಿಂದ ಕೇಳಿದರು.

"ಮೂರು ದಿನ. ಮೂಳೆ ಲ್ಯಾಬಲ್ಲಿ ಹೀಗೇ ಮಾಡ್ತಿದ್ವಿ ಸಾರ್. ಆಸಿಡ್ಡಲ್ಲಿ ಮೆತ್ತಗೆ ಮಾಡಿ ಬ್ಲೇಡಲ್ಲಿ ಕೊಯ್ಯೋದು."

"ಮೂಳೆಗೆ ಅದು ಸರಿ ಕಣಮ್ಮಾ. ಮೂಳೇಲಿ ಸುಣ್ಣ ಹೋದ್ರೂ ನಾರು ಉಳಿಯುತ್ತೆ, ಆಕಾರ ನಿಲ್ಲುತ್ತೆ. ಎನಾಮೆಲ್ಲಲ್ಲಿ ನೂರಕ್ಕೆ ತೊಂಬತ್ತಾರು ಪಾಲು ಬರೀ ಖನಿಜ. ಮೈಯಲ್ಲೆಲ್ಲ ಅದರಷ್ಟು ಗಟ್ಟಿ ಇನ್ನೊಂದಿಲ್ಲ, ಆದ್ರೆ ಆಸಿಡ್ ಮುಂದೆ ಏನೂ ಅಲ್ಲ. ನೀನು ಬೆಲ್ಲದ ಗೊಂಬೇನ ನೀರಲ್ಲಿ ಅದ್ದಿಟ್ಟು ನೆಗಡಿ ಆಯ್ತಾ ಅಂತ ಮೂರನೇ ದಿನ ನೋಡೋಕೆ ಬಂದಿದೀಯ."

ಸಾಣೆ ಮೇಷ್ಟ್ರು ಆ ಹಲ್ಲಿನ ಲ್ಯಾಬಿನ ಹಿರಿಯ ಟೆಕ್ನೀಷಿಯನ್. ಮೂವತ್ತು ವರ್ಷ ಸಾಣೆಕಲ್ಲಿನ ಮೇಲೆ ಹಲ್ಲು ಉಜ್ಜಿ ಉಜ್ಜಿ ಅವರ ಬೆರಳ ತುದಿಯ ಗೆರೆಗಳೆಲ್ಲ ಸವೆದುಹೋಗಿದ್ದವು. ಬಾಗಿಲಲ್ಲಿದ್ದ ಹಾಜರಿ ಯಂತ್ರ ದಿನಾ ಬೆಳಗ್ಗೆ ಅವರನ್ನು ಗುರುತಿಸಲು ಒಪ್ಪುತ್ತಿರಲಿಲ್ಲ.

ಅವಳಿಗೆ ಆರು ತಿಂಗಳ ಪರೀಕ್ಷಾ ಅವಧಿ ಶನಿವಾರಕ್ಕೆ ಮುಗಿಯುತ್ತಿತ್ತು. ಕೆಲಸ ಖಾಯಂ ಆಗಬೇಕಾದರೆ ಒಂದು ಹಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ತನ್ನ ಕೈಯಾರೆ ಉಜ್ಜಿ ಸ್ಲೈಡ್ ಮಾಡಿ ಕೊಡಬೇಕು. ಹಲ್ಲಿನ ಯಜಮಾನ ಯಾರು, ಎಳವೆಯಲ್ಲಿ ಯಾವಾಗ ಏನು ಕಾಯಿಲೆಯಾಗಿತ್ತು ಎಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಬೇಕು. ವಿಭಾಗದ ಮೇಡಂ ಚೀಟಿ ನೋಡದೆ ಸ್ಲೈಡ್ ಓದುತ್ತಾರೆ, ಆಮೇಲೆ ಲಕೋಟೆ ಒಡೆಯುತ್ತಾರೆ. ಎರಡೂ ತಾಳೆಯಾದರೆ ಕೆಲಸ, ಇಲ್ಲದಿದ್ದರೆ ಮನೆ. ಲ್ಯಾಬಿನ ಡ್ರಾಯರುಗಳಲ್ಲಿ ಹಲ್ಲಿಗೇನೂ ಬರವಿರಲಿಲ್ಲ, ಆದರೆ ಅವೆಲ್ಲ ಯಾರ ಬಾಯಿಂದ ಬಂದವೋ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅವಳು ತನ್ನದೇ ಹಾಲುಹಲ್ಲು ತಂದಿದ್ದಳು. ಅದು ಈಗ ಬಾಟಲಿಯಲ್ಲಿ ರಬ್ಬರಾಗಿತ್ತು.

"ಮನೇಲಿ ಇನ್ನೊಂದಿದ್ಯಾ?" ಎಂದರು ಮೇಷ್ಟ್ರು.

"ಇದೆ. ಆದ್ರೆ ದೊಡ್ಡಮ್ಮನ್ನ ಕೇಳ್ಬೇಕು."

"ಕೇಳು."

"ನಿಮಗೆ ನಮ್ಮ ದೊಡ್ಡಮ್ಮ ಗೊತ್ತಿಲ್ಲ ಸಾರ್."

ದೊಡ್ಡಮ್ಮ ಹೊಲಿಗೆಯವಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನ ಅಂಗಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ, ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು ಹಿಡಿಸುವ ಜಾಗ ಅವಳದು. ತಂಗಿ ತೀರಿಕೊಂಡಾಗ ತಂಗಿಯ ಕೂಸಾದ ಇವಳನ್ನು ತಂದು ಸಾಕಿದ್ದಳು. ಸಾಕಿದ್ದು ದೊಡ್ಡದೇ. ಆದರೆ ಅಳತೆ ಕೊಡಲು ಬಂದವರಿಗೆಲ್ಲ ಅದನ್ನು ಹೇಳುತ್ತಿದ್ದಳು. "ಇವಳು ನಮ್ಮ ಇಲಿಮರಿ. ಬಂದಾಗ ಈ ಇಸ್ತ್ರಿ ಪೆಟ್ಟಿಗೆಗಿಂತ ಹಗುರ ಇದ್ಲು. ಇವತ್ತೋ ನಾಳೆಯೋ ಅನ್ನೋ ಹಾಗಿದ್ದೋಳನ್ನ ನಾನು ಎತ್ಕೊಂಡು ಬಂದೆ." ಗಿರಾಕಿ ಅವಸರದಲ್ಲಿದ್ದರೆ ಕೂಸಿಗೆ ಮೂರು ತಿಂಗಳು, ಪುರುಸೊತ್ತಾಗಿ ಕುಳಿತರೆ ಐದು ತಿಂಗಳು. ದೊಡ್ಡಪ್ಪ ಬದುಕಿದ್ದಾಗ ಒಮ್ಮೆ, "ಸ್ವಲ್ಪ ಭೇದಿ ಆಗಿತ್ತು ಅಷ್ಟೇ, ಇವಳದ್ದು ಇದ್ದದ್ದೇ," ಎಂದು ಪೇಪರಿನ ಹಿಂದಿನಿಂದ ಗೊಣಗಿದ್ದರು. ಇಲಿಮರಿಗೆ ಈಗ ಇಪ್ಪತ್ಮೂರು. ಆ ಕಥೆ ಕೇಳಿದಾಗೆಲ್ಲ ಅವಳಿಗೆ ಹಲ್ಲು ಕಚ್ಚಿಕೊಳ್ಳುವ ಅಭ್ಯಾಸವಾಗಿತ್ತು. ಉಪಕಾರವನ್ನು ದಿನಾ ಬಡಿಸಿದರೆ ಅದೂ ಹಳಸುತ್ತದೆ.

ಸಂಜೆ ಅಂಗಡಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ದೊಡ್ಡಮ್ಮ ತುಟಿಗಳ ನಡುವೆ ಇಟ್ಟುಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಪಿನ್ನುದಿಂಬಿಗೆ ಚುಚ್ಚಿದಳು. ಅಂದರೆ ಮಾತಿಗೆ ಬಾಯಿ ಖಾಲಿ ಮಾಡಿಕೊಳ್ಳುತ್ತಿದ್ದಾಳೆ ಎಂದೇ ಅರ್ಥ.

"ನಾನು ಹನ್ನೆರಡು ವರ್ಷ ಕಾಪಾಡಿದ್ದನ್ನ ನೀನು ಮೂರು ದಿನಕ್ಕೆ ಕರಗಿಸಿದ್ಯಾ? ಇಷ್ಟು ಓದ್ಸಿದ್ದು ಇದಕ್ಕಾ?"

"ತಪ್ಪಾಯ್ತು ಅಂದ್ನಲ್ಲ."

"ನಿನ್ನ ತಪ್ಪಿಗೆ ಆಸಿಡ್ ಬೇರೆ ಖರ್ಚು!" ಎನ್ನುತ್ತ ದೊಡ್ಡಮ್ಮ ಗುಂಡಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು. ಅವಳು ಚಿಕ್ಕ ಬಿಳಿ ವಸ್ತು ಯಾವುದನ್ನೂ ಎಸೆದವಳಲ್ಲ. ಇಲಿಮರಿಯ ಹಲ್ಲು ಉದುರಿದಾಗಲೂ "ಯಾವತ್ತಾದ್ರೂ ಬೇಕಾಗುತ್ತೆ" ಎಂದು ಅಂಗಿ ಗುಂಡಿಗಳ ಜೊತೆ ಹಾಕಿಟ್ಟಿದ್ದಳು. "ಹುಡುಕು. ತೂತಿಲ್ಲದ ಗುಂಡಿಯೇ ನಿನ್ನ ಹಲ್ಲು."

ಎರಡು ಸಿಕ್ಕವು. ಒಂದು ಮುಂದಿನ ಹಲ್ಲು, ಇನ್ನೊಂದು ದವಡೆಹಲ್ಲು. ಮುಂದಿನದು ಉಪಯೋಗಕ್ಕಿಲ್ಲ. ಅದರ ಕವಚ ಹುಟ್ಟಿದ ಎರಡು ಮೂರು ತಿಂಗಳಿಗೇ ಕಟ್ಟಿ ಮುಗಿದಿರುತ್ತದೆ, ಆಮೇಲಿನದು ಅದರಲ್ಲಿ ದಾಖಲಾಗುವುದಿಲ್ಲ. ದವಡೆಯದು ಹುಟ್ಟುವುದಕ್ಕೆ ಮುಂಚೆ ಶುರುವಾಗಿ, ಹುಟ್ಟಿದ ಮೇಲೂ ಹತ್ತು ಹನ್ನೊಂದು ತಿಂಗಳು ಬೆಳೆಯುತ್ತದೆ. ಅಂಥದ್ದು ಇದೊಂದೇ ಉಳಿದಿತ್ತು.

ಇಲಿಮರಿ ಚೀಟಿ ತೆಗೆದಳು. "ದೊಡ್ಡಮ್ಮ, ಈಗ ತಮಾಷೆ ಬೇಡ. ನಾನು ಬಂದಾಗ ಎಷ್ಟು ತಿಂಗಳು? ನಿಜ ಹೇಳು."

"ನಾಲ್ಕು."

"ಮೊನ್ನೆ ಆ ಟೀಚರಿಗೆ ಐದು ಅಂದೆ."

"ಅವರು ಅರ್ಧ ಗಂಟೆ ಕೂತಿದ್ರು. ನೀನು ನಾಲ್ಕು ಅಂತ ಬರಿ."

"ಸುಳ್ಳಾದ್ರೆ ನನ್ನ ಕೆಲಸ ಹೋಗುತ್ತೆ."

ದೊಡ್ಡಮ್ಮ ಹೊಲಿಗೆಯ ದಾರವನ್ನು ಮುಂದಿನ ಹಲ್ಲಲ್ಲಿ ಕಟಕ್ಕನೆ ಕಡಿದಳು. "ಬರಿ ಅಂದ್ನಲ್ಲ."

ಇಲಿಮರಿ ಬರೆದಳು: ನಾಲ್ಕನೇ ತಿಂಗಳಲ್ಲಿ ತೀವ್ರ ಕಾಯಿಲೆ. ಲಕೋಟೆಗೆ ಅಂಟು ಹಚ್ಚುವಾಗ, ತನ್ನ ಅನ್ನ ಇನ್ನು ದೊಡ್ಡಮ್ಮನ ಬಾಯಿಯ ಮೇಲೆ ನಿಂತಿದೆಯಲ್ಲ ಎಂದುಕೊಂಡಳು.

ಗುರುವಾರ ಸಾಣೆ ಮೇಷ್ಟ್ರು ತಮ್ಮ ಸ್ವಂತ ಕಲ್ಲನ್ನು ಅವಳ ಮುಂದಿಟ್ಟರು. ಅದನ್ನು ಅವರು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. "ಉಜ್ಜೋ ಯಂತ್ರದ ಹತ್ರ ಹೋಗ್ಬೇಡ. ಬಿಸಿಯಾದ್ರೆ ಬಿರುಕು ಬಿಡುತ್ತೆ. ಎನಾಮೆಲ್ ಗಟ್ಟಿ, ಆದ್ರೆ ಗಾಜಿನ ಜಾತಿ. ಬಾಯಲ್ಲಿ ಒಡೀದೆ ಇರೋದು ಒಳಗೆ ಅದಕ್ಕಿಂತ ಮೆತ್ತಗಿರೋ ಹಳದಿ ಭಾಗ ಆಸರೆಯಾಗಿರೋದ್ರಿಂದ. ನೀರು ಹಾಕು, ನಿಧಾನಕ್ಕೆ ಉಜ್ಜು, ಮಾತಾಡ್ಬೇಡ."

ಮಾತಾಡಬೇಡ ಎಂದವರು ತಾವು ಮಾತ್ರ ಇಡೀ ದಿನ ಮಾತಾಡಿದರು. ಅವಳು ಹಲ್ಲನ್ನು ಮೇಣದಲ್ಲಿ ಮರದ ತುಂಡಿಗೆ ಅಂಟಿಸಿ, ಒಂದು ಮಗ್ಗುಲನ್ನು ನಟ್ಟನಡುವಿನವರೆಗೆ ಉಜ್ಜಿದಳು. ಉಜ್ಜಿದ ಮುಖವನ್ನು ಗಾಜಿಗೆ ಅಂಟಿಸಿ, ಶುಕ್ರವಾರ ಇನ್ನೊಂದು ಮಗ್ಗುಲನ್ನು ಹಿಡಿದಳು. ಬೆರಳ ತುದಿ ಕೆಂಪಾಗಿ ಉರಿಯಿತು.

"ಬೆಂಕಿಕಡ್ಡಿಗಳನ್ನ ಒತ್ತೊತ್ತಾಗಿ ನಿಲ್ಸಿದ್ರೆ ಹೇಗಿರುತ್ತೆ, ಎನಾಮೆಲ್ ಒಳಗೆ ಹಾಗಿರುತ್ತೆ," ಎಂದರು ಮೇಷ್ಟ್ರು. "ಲಕ್ಷಾಂತರ ಕಡ್ಡಿ, ಕೂದಲಿಗಿಂತ ಸಣ್ಣವು. ಅದನ್ನ ಕಟ್ಟೋಕೆ ಸಾಲಾಗಿ ಜೀವಕೋಶಗಳು. ದಿನಕ್ಕೆ ಕೂದಲ ದಪ್ಪದಲ್ಲಿ ಇಪ್ಪತ್ತರಲ್ಲೊಂದು ಪಾಲು ಕಟ್ತವೆ, ಹಿಂದೆ ಸರೀತವೆ. ದಿನಕ್ಕೊಂದು ಗೆರೆ. ಮಗು ಹುಟ್ಟಿದ ದಿನ ಒಂದು ಕಪ್ಪು ಗೆರೆ. ಕಾಯಿಲೆ ಬಿದ್ರೆ ಇನ್ನೊಂದು. ಪೂರ್ತಿ ಕಟ್ಟಿ ಮುಗಿಸಿ, ಹಲ್ಲು ಹೊರಗೆ ಬರೋ ಹೊತ್ತಿಗೆ ಕಟ್ಟಿದ್ದ ಕೋಶಗಳೆಲ್ಲ ಸತ್ತಿರ್ತವೆ."

"ಪೆನ್ಷನ್ ಇಲ್ವಾ ಸಾರ್?"

"ಇಲ್ಲ. ಅದಕ್ಕೇ ಆಮೇಲೆ ರಿಪೇರಿನೂ ಇಲ್ಲ. ಸವೆದ್ರೆ ಸವೀತು, ಅಷ್ಟೇ. ಈಗ ಪೇಪರ್ ಮೇಲಿಟ್ಟು ನೋಡು."

ಗಾಜನ್ನು ಹಳೇ ದಿನಪತ್ರಿಕೆಯ ಮೇಲಿಟ್ಟಳು. ಹಲ್ಲಿನ ಮೂಲಕ ಅಕ್ಷರ ಮಸುಕಾಗಿ ಕಂಡಿತು. ಇನ್ನಷ್ಟು ಉಜ್ಜಿದಳು. ಹತ್ತು ಸಲ ಎಳೆದು ಒಂದು ಸಲ ನೋಡುವುದು, ಐದು ಸಲ ಎಳೆದು ನೋಡುವುದು, ಕಡೆಗೆ ಒಂದೊಂದು ಎಳೆತಕ್ಕೂ ನೋಡುವುದು. ಒಂದು ಎಳೆತ ಹೆಚ್ಚಾದರೆ ಹಲ್ಲೇ ಇರುವುದಿಲ್ಲ. ಪೇಪರಿನ ಸಾಲು ಅಡೆತಡೆಯಿಲ್ಲದೆ ಓದಲು ಬಂದಾಗ ಮೇಷ್ಟ್ರು ಕಲ್ಲನ್ನು ಎಳೆದುಕೊಂಡರು. ಸಾಕು ಎನ್ನುವುದಕ್ಕೆ ಅವರ ಭಾಷೆ ಅದು.

ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಳು. ಹುಟ್ಟಿದ ದಿನದ ಗೆರೆ ಇತ್ತು. ಅದರಿಂದ ಹೊರಕ್ಕೆ ದಿನದ ಗೆರೆಗಳನ್ನು ಎಣಿಸಿದಳು. ನೂರು ದಾಟಿದ ಮೇಲೆ ಗೆರೆಗಳು ಒಂದಕ್ಕೊಂದು ಹತ್ತಿರವಾದವು, ಬಡಕಲಾದವು. ನೂರ ಹತ್ತೊಂಬತ್ತರಲ್ಲಿ ದಪ್ಪನೆಯ ಕಪ್ಪು ಪಟ್ಟಿಯೊಂದು ಅಡ್ಡ ಬಂತು. ಲೆಕ್ಕ ತಪ್ಪಿರಬಹುದೆಂದು ಮತ್ತೆ ಎಣಿಸಿದಳು: ನೂರ ಹದಿನೇಳು. ಮತ್ತೆ: ನೂರ ಇಪ್ಪತ್ತೊಂದು. ಪಟ್ಟಿ ದಾಟಿದ ಮೇಲೆ ಎನಾಮೆಲ್ ತಿಳಿಯಾಗಿತ್ತು. ಒಂದೇ ಅಳತೆಯ ಗೆರೆಗಳು, ಒಂದರ ಪಕ್ಕ ಒಂದು, ಅಂಚಿನವರೆಗೂ. ಇನ್ನೂರು ದಿನಕ್ಕಿಂತ ಹೆಚ್ಚು. ಒಂದು ದಿನವೂ ತಪ್ಪಿರಲಿಲ್ಲ.

ಅವಳು ಕಣ್ಣು ತೆಗೆದಳು. ಇಪ್ಪತ್ಮೂರು ವರ್ಷ ಬಡಾಯಿ ಎಂದುಕೊಂಡಿದ್ದು ಅವಳ ಬಾಯಲ್ಲೇ ಬರೆದಿತ್ತು. ಹನ್ನೊಂದು ವರ್ಷ ತುಂಬುವವರೆಗೆ ಅದರಿಂದಲೇ ಅಗಿದು ತಿಂದಿದ್ದಳು.

ಶನಿವಾರ ಮೇಡಂ ಸ್ಲೈಡ್ ನೋಡಿ, ತಾವೂ ಎಣಿಸಿ, ತಲೆಯೆತ್ತದೆ ಹೇಳಿದರು: "ನಾಲ್ಕನೇ ತಿಂಗಳ ಹತ್ತಿರ ಈ ಮಗು ಸಾವಿನ ಬಾಗಿಲು ತಟ್ಟಿ ಬಂದಿದೆ. ಆಮೇಲೆ ಯಾರೋ ತುಂಬ ಚೆನ್ನಾಗಿ ನೋಡ್ಕೊಂಡಿದಾರೆ." ಲಕೋಟೆ ಒಡೆದು ಓದಿದರು. ಹಲ್ಲಿನ ಯಜಮಾನರ ಹೆಸರಿನ ಜಾಗದಲ್ಲಿ ಕಣ್ಣು ಒಂದು ಕ್ಷಣ ನಿಂತಿತು. "ಸೋಮವಾರದಿಂದ ಖಾಯಂ. ಸ್ಲೈಡ್ ಇಲ್ಲೇ ಇರುತ್ತೆ, ವಿದ್ಯಾರ್ಥಿಗಳಿಗೆ ಬೇಕು."

ಹಲ್ಲು ಮನೆಗೆ ವಾಪಸ್ಸಾಗುವುದಿಲ್ಲ ಎಂದಾದ ಮೇಲೆ ದೊಡ್ಡಮ್ಮನನ್ನೇ ಲ್ಯಾಬಿಗೆ ಕರೆತರಬೇಕಾಯಿತು. ಸೋಮವಾರ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಬಂದಳು. ಸಾಣೆ ಮೇಷ್ಟ್ರು ಎನಾಮೆಲ್ಲಿನ ಪಾಠವನ್ನೆಲ್ಲ ಒಪ್ಪಿಸುತ್ತಲೇ ಸ್ಟೂಲ್ ಒರೆಸಿಕೊಟ್ಟರು. ದೊಡ್ಡಮ್ಮ ಸೂಜಿಗೆ ದಾರ ಪೋಣಿಸುವಾಗಿನಂತೆ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿಗಿಟ್ಟಳು. ಬಹಳ ಹೊತ್ತು ನೋಡಿದಳು.

"ಇಲ್ಲಿ ಬಟ್ಟೆ ಸಾಲ್ದೆ ಜೋಡ್ಸಿದಾರೆ," ಎಂದಳು.

"ಎಲ್ಲಿ?"

"ಈ ಕಪ್ಪು ಗೆರೆ ಹತ್ರ. ಆ ಕಡೆ ಹೊಲಿಗೆ ಎಳೆದುಕೊಂಡಿದೆ. ಈ ಕಡೇದು ನೀಟಾಗಿದೆ."

"ಈ ಕಡೇದು ನಿನ್ನದು," ಎಂದಳು ಇಲಿಮರಿ. "ಎಣಿಸಿದೀನಿ. ನಾಲ್ಕು ತಿಂಗಳೇ."

ಈಗ ಶುರುವಾಗುತ್ತದೆ, ಇಸ್ತ್ರಿ ಪೆಟ್ಟಿಗೆ, ಇಲಿ, ಎಲ್ಲ, ಅದೂ ಮೇಷ್ಟ್ರ ಎದುರು, ಎಂದು ಅವಳು ಕಾದಳು. ದೊಡ್ಡಮ್ಮ ಕಣ್ಣು ತೆಗೆಯಲಿಲ್ಲ.

"ಆ ವಾರ ನೀನು ಉಳೀತೀಯ ಅಂತ ನಾನೂ ಅಂದ್ಕೊಂಡಿರ್ಲಿಲ್ಲ ಕಣೇ," ಎಂದಳು ಮೆಲ್ಲಗೆ. "ನಿಮ್ಮ ದೊಡ್ಡಪ್ಪಂಗೂ ಹೇಳಿರ್ಲಿಲ್ಲ, ಭೇದಿ ಅಂದಿದ್ದೆ. ಹೊದಿಸೋಕೆ ಅಂತ ಬಿಳಿ ಬಟ್ಟೆ ಕೂಡ ಕತ್ತರಿಸಿ ಇಟ್ಟಿದ್ದೆ. ಆಮೇಲೆ ಅದ್ರಲ್ಲೇ ನಿಂಗೆ ಎರಡು ಅಂಗಿ ಹೊಲ್ದೆ."

ಮೇಷ್ಟ್ರು ಕಲ್ಲು ತೊಳೆಯುವ ನೆಪದಲ್ಲಿ ನಲ್ಲಿಯ ಕಡೆಗೆ ಹೋದರು.

ಇಲಿಮರಿಗೆ ಇಂಥ ಮಾತು ಆಡಿ ಅಭ್ಯಾಸವಿರಲಿಲ್ಲ. "ದೊಡ್ಡಮ್ಮ, ಥ್ಯಾಂಕ್ಸ್," ಎಂದಳು, ಅಂಗಡಿಯಲ್ಲಿ ಚಿಲ್ಲರೆ ವಾಪಸ್ ತೆಗೆದುಕೊಂಡವಳ ಹಾಗೆ.

"ಏನಂದೆ?"

"ಕೇಳಿಸ್ತಲ್ಲ."

"ನಿಮ್ಮ ಮೇಷ್ಟ್ರಿಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಹೇಳಿದಳು. ಈ ಸಲ ಸರಿಯಾಗಿ ಬಂತು, ನಲ್ಲಿಯ ಸದ್ದನ್ನೂ ಮೀರಿ. ದೊಡ್ಡಮ್ಮ ನಕ್ಕಳು. ಕಿಟಕಿಯ ಬೆಳಕಿನಲ್ಲಿ ಅವಳ ಮೇಲಿನ ಮುಂದಿನ ಹಲ್ಲಿನ ಅಂಚಿನ ಪುಟ್ಟ ಕಚ್ಚು ಕಾಣಿಸಿತು. ದಾರ ಕಡಿದೂ ಕಡಿದೂ ಮೂವತ್ತು ವರ್ಷದಲ್ಲಿ ಬಿದ್ದದ್ದು. ಎಷ್ಟು ಸಲ ಕಂಡಿದ್ದರೂ ಇಲಿಮರಿ ಅದನ್ನು ನೋಡಿರಲಿಲ್ಲ. ಅಂಗಿ, ಲಂಗ, ಶಾಲೆಯ ಸಮವಸ್ತ್ರ, ಈಗ ಮೈಮೇಲಿರುವ ಈ ಲ್ಯಾಬ್ ಕೋಟು, ಎಲ್ಲದರ ಕೊನೇ ದಾರವೂ ಅಲ್ಲಿಯೇ ತುಂಡಾಗಿತ್ತು.

ಎದ್ದು ಹೊರಡುವಾಗ ದೊಡ್ಡಮ್ಮನ ಕಣ್ಣು ಅವಳ ಕೋಟಿನ ತೋಳಿಗೆ ಬಿತ್ತು. "ದಾರ ಬಿಟ್ಟಿದೆ ನೋಡು. ಹಿಡಿ ಕೈ."

"ಕತ್ತರಿ ಕೊಡ್ತೀನಿ ಇರು. ಹಲ್ಲಲ್ಲಿ ಬೇಡ. ಅದು ಮತ್ತೆ ಬೆಳೆಯಲ್ಲ ದೊಡ್ಡಮ್ಮ."

"ಗೊತ್ತು, ನಿಮ್ಮ ಮೇಷ್ಟ್ರು ಹೇಳಿದ್ರು," ಎಂದು ದೊಡ್ಡಮ್ಮ ಆಗಲೇ ಬಗ್ಗಿದ್ದಳು.

ಇಲಿಮರಿ ತೋಳನ್ನು ಅಲುಗಿಸದೆ ನಿಂತಳು.