ಬೆಳಗಿನ ಮೊದಲ ಎಲೆ

ನಾನು ಅತ್ತೆಯ ಥೈರಾಯ್ಡ್ ಗುಳಿಗೆಯನ್ನು ಬಚ್ಚಲಿಗೆ ಒಗೆಯುತ್ತೇನಂತೆ. ಈ ಸುದ್ದಿ ಹುಟ್ಟಿದ್ದು ಬಂಕಾಪುರದಲ್ಲಿ, ನನ್ನ ಗಂಡನ ಅಕ್ಕ ದಿಲ್ಶಾದ ಆಪಾಳ ಅಡುಗೆಮನೆಯಲ್ಲಿ. ಅವಳ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಸುದ್ದಿ ಸವಣೂರಿನ ನಮ್ಮ ಓಣಿಗೆಲ್ಲ ಹಬ್ಬಿ, ಕೊನೆಗೆ ನನ್ನ ಕಿವಿಗೂ ಬಿತ್ತು.

ಅತ್ತೆ ಕುಲಸುಮಬಿಯ ಕಾಯಿಲೆ ಮಾತ್ರ ಸುಳ್ಳಲ್ಲ. ಮುಖ ಊದಿತ್ತು, ದನಿ ಗೊಗ್ಗರಾಗಿತ್ತು, ಬೇಸಿಗೆಯಲ್ಲೂ ಚಾದರ ಹೊದ್ದು ಕೂರುತ್ತಿದ್ದರು. ನಮ್ಮದು ವೀಳ್ಯದೆಲೆ ವ್ಯಾಪಾರದ ಮನೆ. ಒಂದು ಕಾಲಕ್ಕೆ ಬುಟ್ಟಿಗಟ್ಟಲೆ ಎಲೆ ಆರಿಸಿ ಕಟ್ಟುತ್ತಿದ್ದವರು ಈಗ ನಾಲ್ಕು ಎಲೆ ಎಣಿಸುವಷ್ಟರಲ್ಲಿ ತೂಕಡಿಸುತ್ತಿದ್ದರು. ಆರೋಗ್ಯ ಕೇಂದ್ರದಲ್ಲಿ ಗುಳಿಗೆಯ ಪ್ರಮಾಣ ಮತ್ತೆ ಮತ್ತೆ ಏರಿಸಿದರು. ರಕ್ತಪರೀಕ್ಷೆ ಸುಧಾರಿಸಲಿಲ್ಲ. "ದಿನಾ ತಪ್ಪದ ತಗೋತಾರಿಲ್ಲೋ?" ಎಂದು ಅಲ್ಲಿ ಕೇಳಿದ ಒಂದೇ ಮಾತು ಸಾಕಾಯಿತು, ಆಪಾ ಕಥೆ ಕಟ್ಟಿದಳು.

ಗುಳಿಗೆ ಕೊಡುತ್ತಿದ್ದವಳು ನಾನು. ನಸುಕಿನ ನಮಾಜು ಮುಗಿಸಿ ಅತ್ತೆ ಕಟ್ಟೆಯ ಮೇಲೆ ಕೂತರೆ ಖಾಲಿ ಹೊಟ್ಟೆಗೆ ಗುಳಿಗೆ, ಒಂದು ಲೋಟ ನೀರು. ಅದರ ಹಿಂದೆಯೇ ನಾನು ಮಡಿಚಿದ ಎಲೆ. ಚಹಾ ಒಂದು ತಾಸು ಬಿಟ್ಟು. ಡಾಕ್ಟರ್ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಸಿದವಳಲ್ಲ ನಾನು.

ಸುದ್ದಿ ಬಂದ ಮೇಲೆ ಅತ್ತೆ ಗುಳಿಗೆಗಳಿದ್ದ ಪಟ್ಟಿಯನ್ನು ನನ್ನಿಂದ ಇಸಿದುಕೊಂಡು ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡರು. ಮಗಳ ಕಣ್ಣಿಗೆ ಬೆಣ್ಣೆ, ಸೊಸೆಯ ಕಣ್ಣಿಗೆ ಸುಣ್ಣ. ತಾವೇ ನುಂಗಿದರೂ ಊತ ಇಳಿಯಲಿಲ್ಲ. ಆಗಲಾದರೂ ನನ್ನ ಮೇಲಿನ ಅಪವಾದ ಹೋಗಬೇಕಿತ್ತಲ್ಲ? "ಅಕಿ ಗುಳಿಗೀನ ಬದಲಿ ಮಾಡಿರಬೇಕು," ಎಂದಳು ಆಪಾ. ಆದರೆ ಎಲೆ ಮಾತ್ರ ಅತ್ತೆಗೆ ನನ್ನ ಕೈಯದೇ ಆಗಬೇಕಿತ್ತು. ಔಷಧಕ್ಕೆ ಬೇಡವಾದ ಕೈ ಎಲೆಗೆ ಬೇಕು. ದಿನಾ ಬೆಳಿಗ್ಗೆ ಸುಣ್ಣ ಹಚ್ಚುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು.

ಮುಂದಿನ ತಪಾಸಣೆಗೆ ಆಪಾ ಬಂಕಾಪುರದಿಂದ ಬಂದು ನಮ್ಮ ಜೊತೆಗೇ ಹೊರಟಳು. ನನ್ನ ಕಳ್ಳತನ ಕಣ್ಣಾರೆ ಹಿಡಿಯಬೇಕಿತ್ತಲ್ಲ. ಕೇಂದ್ರದ ಡಾಕ್ಟರ್ ಶ್ವೇತಾ ಹಿರೇಕೆರೂರಿನವರು, ಆಗತಾನೆ ಪೌಷ್ಟಿಕ ಆಹಾರದ ತರಬೇತಿ ಮುಗಿಸಿ ಬಂದಿದ್ದರು. ಇನ್ನು ರೊಟ್ಟಿ ಬಿಡಿ, ಅನ್ನ ಬಿಡಿ ಅನ್ನುವ ಹಾಡು ಶುರುವಾಯಿತೆಂದು ನಾನು ಮುಖ ಗಂಟಿಕ್ಕಿ ಕೂತೆ.

"ಅಮ್ಮಾರ, ಏನ ತಿಂತೀರಿ ಅಂತ ಕೇಳೂದಿಲ್ಲ," ಎಂದರು ಅವರು. "ಮುಂಜಾನೆ ಕಣ್ಣ ಬಿಟ್ಟಾಗಿಂದ ಬಾಯಾಗ ಏನೇನ ಹಾಕೋತೀರಿ, ಒಂದೊಂದ ಹೇಳ್ರಿ."

"ನೀರು, ಗುಳಿಗಿ. ಆಮ್ಯಾಲೆ ಎಲಿ. ಆಮ್ಯಾಲೆ ಚಾ..."

"ಎಲಿ?"

"ಅದೇನ ತಿನ್ನೂದಲ್ರಿ ಮೇಡಂ," ಎಂದೆ ನಾನು. "ಅಗದು ಉಗುಳತಾರ. ಹೊಟ್ಟಿ ಖಾಲಿನ ಇರತೈತಿ." ಎಲೆಯ ಮನೆಯಲ್ಲಿ ಎಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಸುಣ್ಣ?"

"ಅಮ್ಮಿಗೆ ಜಾಸ್ತಿನ ಬೇಕ್ರಿ," ಎಂದೆ ಅತ್ತೆಯನ್ನು ತೋರಿಸಿ.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಎಷ್ಟ ಉಗುಳಿದರೂ ರಸ ಒಳಗ ಹೋಗತೈತ್ರಿ. ಗುಳಿಗಿ ಹಿಂದ ಸುಣ್ಣ ಹೋದರ ಗುಳಿಗಿ ಮೈಗೆ ಹತ್ತೂದಿಲ್ಲ. ಇದ ಕಾರಣ ಇರಬೇಕು ಅಂತ ನನಗ ಅನಸತೈತಿ. ಎಲಿ ಇನ್ನ ಮ್ಯಾಲೆ ಮಧ್ಯಾಹ್ನಕ್ಕ. ಸ್ವಲ್ಪ ದಿನ ಬಿಟ್ಟು ಮತ್ತ ರಕ್ತ ನೋಡೂಣು. ಅಡಕಿ ಪೂರ್ತಿ ಬಿಡ್ರಿ ಅನ್ನೂ ಜಗಳಾನೂ ಬಾಕಿ ಐತಿ, ಅದು ಮುಂದಿನ ಸಲಕ್ಕ ಇರಲಿ."

ಬುಟ್ಟಿಯಲ್ಲಿ ಹುಡುಕಿ ಹುಡುಕಿ ಎಳೆ ಎಲೆ ಆರಿಸಿ ಮಡಿಚಿದವಳು ನಾನೇ.

"ನೋಡ್ರಿ, ನಾ ಹೇಳಿರ್ಲಿಲ್ಲ?" ಆಪಾ ಎದ್ದೇ ನಿಂತಳು. "ಇಕಿ ಕೈಯಿಂದನ ಆಗೇತಿ!"

"ಯಾರ ಕೈಯಿಂದೂ ಅಲ್ರಿ. ಎಲಿ ಬಗ್ಗೆ ಕೇಳಬೇಕು ಅಂತ ನಮಗರ ಎಲ್ಲಿ ಹೊಳದಿತ್ತು?" ಎಂದರು ಡಾಕ್ಟರ್. ಆಪಾ ಕೇಳಿಸಿಕೊಂಡರೆ ತಾನೇ. ಸುಳ್ಳು ಹೇಳಿದ್ದರೆ ಅವಳಿಗೆ ಉತ್ತರ ಕೊಡುತ್ತಿದ್ದೆ. ಈ ಸಲ ಅವಳ ಮಾತಿನಲ್ಲಿ ಅರ್ಧ ನಿಜವಿತ್ತು. ಅತ್ತೆಯಂತೂ ಆಟೋದಲ್ಲಿ ದಾರಿಯುದ್ದಕ್ಕೂ ಹೊರಗೆ ನೋಡುತ್ತ ಕೂತರು. ಮನೆಗೆ ಬಂದು ಎಲೆಯ ಡಬ್ಬಿಯನ್ನು ಕಪಾಟಿನಲ್ಲಿ ಮುಚ್ಚಿಟ್ಟೆ. ಗುಳಿಗೆ ಮೊದಲೇ ಹೋಗಿತ್ತು, ಈಗ ಎಲೆಯೂ ಹೋಯಿತು. ಇನ್ನು ಈ ಮನೆಯಲ್ಲಿ ನನ್ನ ಕೈಗೆ ಪಾತ್ರೆ ತಿಕ್ಕುವ ಕೆಲಸವಷ್ಟೇ ಎಂದುಕೊಂಡೆ.

ಮರುದಿನ, ರಾತ್ರಿ ನಮ್ಮಲ್ಲೇ ಉಳಿದಿದ್ದ ಆಪಾ ಇನ್ನೂ ಮಲಗಿರುವಾಗಲೇ, ನಮಾಜು ಮುಗಿಸಿದ ಅತ್ತೆ ಕಟ್ಟೆಯಿಂದ ಕೂಗಿದರು.

"ನಿಖತ, ಬಾ ಇಲ್ಲಿ."

ನಮ್ಮ ಮನೆಮಾತು ಉರ್ದು. ಅತ್ತೆ ದುಂಡಸಿಯಲ್ಲಿ ಬೆಳೆದವರು, ಸಿಟ್ಟು ಬಂದಾಗ ಕನ್ನಡಕ್ಕೆ ಇಳಿಯುತ್ತಾರೆ. ಹೆದರುತ್ತಲೇ ಹೋದೆ. ಅವರು ಗುಳಿಗೆಯ ಪಟ್ಟಿಯನ್ನು ನನ್ನ ಅಂಗೈಯಲ್ಲಿಟ್ಟರು.

"ಎಲಿ ನಾ ಕೇಳಿ ತಿಂದೇನಿ. ಸುಣ್ಣ ಜಾಸ್ತಿ ಹಚ್ಚು ಅಂದಾಕಿನೂ ನಾನ."

"ಗುಳಿಗಿ ಯಾಕ ಇಸಗೊಂಡ್ರಿ ಹಂಗಾರ?" ತಡೆದುಕೊಳ್ಳಲು ಆಗಲಿಲ್ಲ, ಕೇಳಿಯೇಬಿಟ್ಟೆ.

ಅತ್ತೆ ದನಿ ತಗ್ಗಿಸಿದರು. "ಎಷ್ಟಂದರೂ ಮಗಳು ಅಕಿ. ಸುಳ್ಳ ಹೇಳಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ನೀ ಔಷಧಾ ಒಗಿಯಾಕಿ ಅಂತ ಖರೇನ ನಂಬಿದ್ದರ, ದಿನಾ ನಿನ್ನ ಕೈಯಾಗಿನ ಎಲಿ ನಾ ಹೆಂಗ ತಿಂತಿದ್ದೆ, ಹುಚ್ಚಿ?"

ನನಗೆ ಅಳು ಬಂತು. ಇಷ್ಟು ದಿನ ನುಂಗಿದ್ದೆಲ್ಲ ಒಮ್ಮೆಗೇ ಬಂತು. ಅತ್ತೆ ಕೈ ಚಾಚಲಿಲ್ಲ, ಮಗುವಿನ ಹಾಗೆ ಬಾಯಿ ತೆರೆದರು. ಗುಳಿಗೆ ಬಿಡಿಸಿ ಬಾಯಿಗೆ ಹಾಕಬೇಕೆನ್ನುವಷ್ಟರಲ್ಲಿ ಕಣ್ಣೀರಿನಲ್ಲಿ ಕಾಣದೆ ಅದು ಜಾರಿ ಕೆಳಗೆ ಬಿತ್ತು. ಉರುಳುತ್ತ ಹೋಗಿ ಕಟ್ಟೆಯ ಪಕ್ಕದ ಗಟಾರಕ್ಕೆ ಬಿದ್ದೇಬಿಟ್ಟಿತು.

ಇಬ್ಬರೂ ಬಗ್ಗಿ ನೋಡಿದೆವು.

"ಮೊದಲ ಆ ಬಾಗಲಾ ಮುಂದ ಮಾಡು," ಎಂದರು ಅತ್ತೆ, ಆ ಗೊಗ್ಗರು ದನಿಯಲ್ಲೇ ನಗುತ್ತ. "ದಿಲ್ಶಾದ ಎದ್ದಾಳ."

ನಾನು ಇನ್ನೊಂದು ಗುಳಿಗೆ ಬಿಡಿಸಿದೆ.